ಭತ್ತ ಹೊಡೆ ಬಿಚ್ಚುವಾಗ ಹಾಕಬೇಕಾದ ಅರ್ಜಿ

ಬೇಸಿಗೆ ರಜೆಯ ಸಂಶೋಧನಾ ತರಬೇತಿಗೆ ಅರ್ಜಿ ಹಾಕುವ ಕಾಲ ಬೇಸಿಗೆಯಲ್ಲ. ಇಷ್ಟು ಗೊತ್ತಿಲ್ಲದ ಕಾರಣಕ್ಕೇ ನಂಜನಗೂಡು, ನರಸೀಪುರದ ಕಡೆಯ ಎಷ್ಟೋ ವಿಜ್ಞಾನ ವಿದ್ಯಾರ್ಥಿಗಳಿಗೆ ಒಂದಿಡೀ ವರ್ಷ ಕೈತಪ್ಪಿ ಹೋಗುತ್ತದೆ. ಹೆಮ್ಮಿಗೆ ಎಂಬ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಡಿಗ್ರಿ ಓದಲು ಹೋಗುವ ಹುಡುಗಿ ಏಪ್ರಿಲ್ ತಿಂಗಳಲ್ಲಿ ತನ್ನ ಮೇಷ್ಟ್ರನ್ನು ಕೇಳುತ್ತಾಳೆ: "ಸರ್, ಈ ರಜೆಯಲ್ಲಿ ಬೆಂಗಳೂರಲ್ಲಿ ಎಲ್ಲಾದ್ರೂ ಲ್ಯಾಬಿಗೆ ಸೇರ್ಕೋಬಹುದಾ?" ಅಷ್ಟು ಹೊತ್ತಿಗೆ ಆಯ್ಕೆಪಟ್ಟಿ ಹೊರಬಿದ್ದು, ಆಯ್ಕೆಯಾದವರು ರೈಲಿನ ಟಿಕೆಟ್ಟೂ ಮಾಡಿಸಿಕೊಂಡಿರುತ್ತಾರೆ.

ನಮ್ಮೂರ ಲೆಕ್ಕದಲ್ಲೇ ಹೇಳುತ್ತೇನೆ, ನೆನಪಿಡಲು ಸುಲಭ. ನಾಲೆ ನೀರಿಗೆ ನಾಟಿ ಮಾಡಿದ ಭತ್ತ ಹೊಡೆ ಬಿಚ್ಚುವ ಹೊತ್ತು, ದಸರಾ ದೀಪಾವಳಿಯ ಆಸುಪಾಸು, ಅರ್ಜಿಯ ಕಾಲ. ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆಗಳು ಮುಗಿದ ಮೇಲೆ ಸಾಮಾನ್ಯವಾಗಿ ಫಲಿತಾಂಶ. ನಂಜನಗೂಡಿನ ದೊಡ್ಡ ತೇರು ಎಳೆದು, ಪರೀಕ್ಷೆ ಬರೆದು, ಮೇ ತಿಂಗಳಿಂದ ಜುಲೈವರೆಗೆ ಲ್ಯಾಬಿನ ಕೆಲಸ. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಮರೆತುಹೋದರೂ ಈ ಮೂರು ಗುರುತುಗಳು ನೆನಪಿದ್ದರೆ ಅರ್ಧ ಕೆಲಸ ಆದಂತೆ.

ಯಾವ ಲ್ಯಾಬು, ಏನು ಕೆಲಸ? ಇಲ್ಲಿ ನಾನು ಹೇಳಹೊರಟಿರುವುದು ಅಂತರಿಕ್ಷ ಜೀವವಿಜ್ಞಾನದ ದಾರಿ. ಹೆಸರು ಕೇಳಿದರೆ ದೂರದ್ದು ಅನಿಸುತ್ತದೆ. ಅಷ್ಟು ದೂರದ್ದಲ್ಲ.

ಅಲ್ಲೂ ಮೊಳಕೆ ಕಟ್ಟಿದರು

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಆಕ್ಸಿಯಮ್-4 ಯಾನದಲ್ಲಿ ಹೊರಟು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ಸೇರಿದರು. ರಾಕೇಶ್ ಶರ್ಮಾ 1984ರಲ್ಲಿ ಹೋಗಿಬಂದ ಮೇಲೆ ಅಂತರಿಕ್ಷಕ್ಕೆ ಹೋದ ಎರಡನೆಯ ಭಾರತೀಯ ಗಗನಯಾತ್ರಿ ಇವರು. ಜುಲೈ 15ರಂದು ಭೂಮಿಗೆ ಮರಳಿದರು. ಅವರು ಅಲ್ಲಿ ಮಾಡಿದ ಕೆಲಸಗಳಲ್ಲಿ ಒಂದು ನಮ್ಮ ಅಡುಗೆಮನೆಯ ಕೆಲಸವೇ: ಹೆಸರುಕಾಳು, ಮೆಂತ್ಯದ ಕಾಳುಗಳಿಗೆ ನೀರುಣಿಸಿ ಮೊಳಕೆ ಬರಿಸಿದ್ದು. ಒಣಕಾಳು ಭೂಮಿಯಿಂದ ಹೋಯಿತು, ಅಲ್ಲಿ ನೀರು ಕುಡಿಯಿತು, ಮೊಳೆಯಿತು. ಆ ಮೊಳಕೆಯನ್ನು ನಿಲ್ದಾಣದ ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ವಾಪಸು ತಂದರು. ಈ ಪ್ರಯೋಗ ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮತ್ತು ಧಾರವಾಡದ ಐಐಟಿಯವರು. ಇದನ್ನು ಊರಿನ ಅಜ್ಜಿಯೊಬ್ಬರಿಗೆ ಹೇಳಿ ನೋಡಿ, "ಅಲ್ಲೂ ಮೊಳ್ಕೆ ಕಟ್ತಾರಾ ಮಗಾ? ಬಟ್ಟೆ ಯಾವ್ದು ಹಾಕ್ತಾರೆ, ನೀರು ನಿಲ್ತದಾ?" ಎಂದು ಕೇಳುತ್ತಾರೆ. ಆ ಕೊನೆಯ ಪ್ರಶ್ನೆ ಅಪ್ಪಟ ವಿಜ್ಞಾನದ ಪ್ರಶ್ನೆ. ಭಾರವೇ ತಿಳಿಯದ ಸೂಕ್ಷ್ಮಗುರುತ್ವದಲ್ಲಿ ನೀರು ಕೆಳಗಿಳಿದು ನಿಲ್ಲುವುದಿಲ್ಲ, ಉಂಡೆಯಾಗಿ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಬೇರಿನ ಸುತ್ತ ನೀರು ಕವಿದುಕೊಂಡರೆ ಉಸಿರಾಟಕ್ಕೆ ಗಾಳಿ ಸಿಗದೆ ಗಿಡ ಸಾಯುತ್ತದೆ. ಅಂತರಿಕ್ಷದ ಕೃಷಿಯಲ್ಲಿ ಬಹಳ ತಲೆನೋವಿನ ಸಂಗತಿಗಳಲ್ಲಿ ಇದೊಂದು.

ಶುಕ್ಲಾ ಅವರ ಯಾನಕ್ಕೂ ಆರು ತಿಂಗಳು ಮೊದಲು, 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಕೊನೆಯ ಹಂತವನ್ನೇ ಇಸ್ರೊ ಪ್ರಯೋಗದ ವೇದಿಕೆ ಮಾಡಿಕೊಂಡಿತು. ಅದರಲ್ಲಿದ್ದ ಒಂದು ಮುಚ್ಚಿದ ಡಬ್ಬಿಯಲ್ಲಿ ಎಂಟು ಅಲಸಂದೆ ಕಾಳುಗಳಿದ್ದವು. ನಾಲ್ಕನೆಯ ದಿನ ಅವು ಮೊಳೆತವು, ಮುಂದೆ ಎರಡೆಲೆಯೂ ಬಿಟ್ಟವು. ಅದೇ ವೇದಿಕೆಯ ಮೇಲೆ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಒಂದು ಪುಟ್ಟ ಪೆಟ್ಟಿಗೆಯೂ ಇತ್ತು. ಮನುಷ್ಯರ ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಹೇಗೆ ಬೆಳೆಯುತ್ತದೆಂದು ಅಳೆಯುವ ಪೆಟ್ಟಿಗೆ ಅದು. ಕಟ್ಟಿದವರು ಪದವಿ ಓದುತ್ತಿದ್ದ ಹುಡುಗ ಹುಡುಗಿಯರು ಎಂಬುದನ್ನು ಗಮನಿಸಿ.

ಅಂತರಿಕ್ಷ ಜೀವವಿಜ್ಞಾನದ ತಿರುಳು ಒಂದು ಸರಳ ಸಂಗತಿಯ ಮೇಲೆ ನಿಂತಿದೆ. ನಿಲ್ದಾಣ ಸುತ್ತುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ಇಲ್ಲವೆಂದು ಪರೀಕ್ಷೆಯಲ್ಲಿ ಬರೆಯುವ ಮಕ್ಕಳು ಇವತ್ತಿಗೂ ಇದ್ದಾರೆ. ಸೆಳೆತ ಇದೆ, ನೆಲದ ಮೇಲಿದ್ದುದರ ನೂರಕ್ಕೆ ಸುಮಾರು 90ರಷ್ಟು. ಆದರೆ ನಿಲ್ದಾಣವೂ ಅದರೊಳಗಿನ ಮನುಷ್ಯರೂ ಕಾಳೂ ನೀರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಭಾರ ತಿಳಿಯುವುದಿಲ್ಲ. ಭಾರ ಹೊರದ ಕಾಲಿನ ಸ್ನಾಯು ಕರಗುತ್ತದೆ. ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಅದಕ್ಕೇ ಗಗನಯಾತ್ರಿಗಳು ದಿನಕ್ಕೆ ಎರಡು ಗಂಟೆ ವ್ಯಾಯಾಮ ಮಾಡುವುದು. ಬೇರಿಗೆ ಕೆಳಗೆ ಯಾವುದು, ಕಾಂಡಕ್ಕೆ ಮೇಲೆ ಯಾವುದು ಎಂದು ಗೊತ್ತಾಗುವುದಿಲ್ಲ. ಕೋಟ್ಯಂತರ ವರ್ಷಗಳಿಂದ ಒಂದೇ ಸಮ ಇದ್ದ ಒಂದು ಒತ್ತಡ ತೆಗೆದುಬಿಟ್ಟರೆ ಜೀವ ಏನು ಮಾಡುತ್ತದೆ? ಸೊಂಟ ಮುರಿದು ಹಾಸಿಗೆ ಹಿಡಿದ ಮುದುಕರ ಸ್ನಾಯು ಯಾಕೆ ಕರಗುತ್ತದೆಂಬ ಪ್ರಶ್ನೆಗೂ ಇದೇ ದಾರಿಯಲ್ಲಿ ಉತ್ತರ ಸಿಗಬಹುದು. ಆಕ್ಸಿಯಮ್-4ರಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಕಳಿಸಿದ್ದು ಸ್ನಾಯುಕೋಶಗಳ ಪ್ರಯೋಗವನ್ನೇ.

ಮೈಸೂರಿನ ಮೂಲಕ ಹೋದ ದಾರಿ

ಧಾರವಾಡದ ಮೊಳಕೆ ಪ್ರಯೋಗದ ಹಿಂದಿರುವ ರವಿಕುಮಾರ್ ಹೊಸಮನಿಯವರ ಸಂಶೋಧನೆಯ ಜಾಡು ಹಿಡಿದರೆ ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಬೇಕಾದ ನಕ್ಷೆಯೇ ಸಿಗುತ್ತದೆ. ಅವರು ಮೊದಲು ಕೆಲಸ ಮಾಡಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನಲ್ಲಿ. ಅಲ್ಲಿ ಹಣ್ಣುನೊಣಗಳಿಗೆ ನೀರುಬ್ರಾಹ್ಮಿಯ ಸಾರ ಕೊಟ್ಟು, ನರಕೋಶಗಳಿಗೆ ವಿಷದಿಂದ ಆಗುವ ಹಾನಿಯನ್ನು ಅದು ತಡೆಯುತ್ತದೆಯೇ ಎಂದು ನೋಡಿದರು. ಆಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಕೇಂದ್ರ. ಅಲ್ಲಿ ಅದೇ ಹಣ್ಣುನೊಣಗಳನ್ನು ಹೆಚ್ಚಿನ ಗುರುತ್ವದಲ್ಲಿ ಇಟ್ಟು ಅವುಗಳ ಪ್ರೋಟೀನುಗಳು ಹೇಗೆ ಬದಲಾಗುತ್ತವೆಂದು ನೋಡಿದ ತಂಡದಲ್ಲಿದ್ದರು. ಅಲ್ಲಿಂದ ಧಾರವಾಡ. ಮನುಷ್ಯರನ್ನು ಅಂತರಿಕ್ಷಕ್ಕೆ ಕಳಿಸುವ ಇಸ್ರೊದ ಗಗನಯಾನ ಯೋಜನೆಯ ಮಾನವರಹಿತ ಹಾರಾಟಕ್ಕೆಂದು ಧಾರವಾಡದವರು ಸಿದ್ಧಪಡಿಸಿದ ಇನ್ನೊಂದು ಪ್ರಯೋಗವೂ ಹಣ್ಣುನೊಣದ್ದೇ. ಗಗನಯಾತ್ರಿಗಳನ್ನು ಕಾಡುವ ಮೂತ್ರಪಿಂಡದ ಕಲ್ಲಿನ ಬಗ್ಗೆ ಅದರಿಂದ ತಿಳಿಯುವ ಉದ್ದೇಶ.

ಹಣ್ಣುನೊಣ ಎಂದರೆ ಯಾವುದು? ನಂಜನಗೂಡಿನ ರಸಬಾಳೆಯ ಚಿಪ್ಪು ಮನೆಯಲ್ಲಿ ಎರಡು ದಿನ ಹೆಚ್ಚು ಉಳಿದರೆ ಅದರ ಮೇಲೆ ಮುತ್ತುವ, ಕೆಂಪುಗಣ್ಣಿನ, ಎಳ್ಳಿನಷ್ಟು ಗಾತ್ರದ ನೊಣ. ಡ್ರೊಸೊಫಿಲಾ ಎನ್ನುವುದು ಅದರ ಶಾಸ್ತ್ರದ ಹೆಸರು. ಮಾವಿನಕಾಯಿಗೆ ಸೂಜಿ ಚುಚ್ಚಿದಂತೆ ಮೊಟ್ಟೆಯಿಟ್ಟು ಹುಳ ಬೀಳಿಸುವ ದೊಡ್ಡ ನೊಣ ಬೇರೆ, ಅದು ರೈತನ ಶತ್ರು. ಎರಡನ್ನೂ ಒಂದೇ ಅಂದುಕೊಳ್ಳಬಾರದು. ಈ ಪುಟ್ಟ ನೊಣ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಹತ್ತು ಹನ್ನೆರಡು ದಿನ ಸಾಕು. ಮನುಷ್ಯರ ರೋಗಗಳಿಗೆ ಸಂಬಂಧಿಸಿದ ಜೀನುಗಳಲ್ಲಿ ಮುಕ್ಕಾಲು ಪಾಲಿಗೆ ಇದರಲ್ಲೂ ಜೋಡಿ ಇದೆ. 1947ರಲ್ಲಿ ಅಮೆರಿಕದವರು ವಿ-2 ರಾಕೆಟ್ಟಿನಲ್ಲಿ ಮೊಟ್ಟಮೊದಲು ಅಂತರಿಕ್ಷದಂಚಿಗೆ ಕಳಿಸಿದ ಪ್ರಾಣಿಯೂ ಇದೇ. ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ: ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಮಾನಸಗಂಗೋತ್ರಿಯಲ್ಲಿ, ಡ್ರೊಸೊಫಿಲಾ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ದೇಶದ ಲ್ಯಾಬುಗಳಿಗೆ ಅಲ್ಲಿಂದಲೂ ತಳಿ ಹೋಗುತ್ತದೆ. ನರಸೀಪುರದಿಂದ ಒಂದು ಬಸ್ಸಿನ ದೂರ. ನಿಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರ ಮೂಲಕ ಒಂದು ಪತ್ರ ಬರೆಸಿ, ಹತ್ತು ಜನ ಹೋಗಿ ಆ ಬಾಟಲಿಗಳ ಸಾಲನ್ನು ನೋಡಿ ಬನ್ನಿ.

ಮೈಸೂರಿನಲ್ಲೇ ಇನ್ನೊಂದು ಹೆಸರು ಡಿಎಫ್‌ಆರ್‌ಎಲ್, ಅಂದರೆ ರಕ್ಷಣಾ ಆಹಾರ ಸಂಶೋಧನಾಲಯ. ಸೈನಿಕರಿಗೆ ಕೆಡದ ಊಟ ಮಾಡಿಕೊಡಲು 1961ರಲ್ಲಿ ಶುರುವಾದ ಸಂಸ್ಥೆ. ರಾಕೇಶ್ ಶರ್ಮಾ ಅವರ ಯಾನಕ್ಕೆ ತಿನಿಸು ಸಿದ್ಧವಾದದ್ದು ಇಲ್ಲಿ, ಗಗನಯಾನದ ಊಟದ ಕೆಲಸವೂ ಇಲ್ಲಿನದೇ. ಅಂತರಿಕ್ಷ ಜೀವವಿಜ್ಞಾನ ಅಂದರೆ ವೈದ್ಯರು ಮತ್ತು ಜೀವಶಾಸ್ತ್ರದವರ ಸ್ವತ್ತು ಮಾತ್ರವಲ್ಲ. ಆಹಾರ ವಿಜ್ಞಾನ, ಸೂಕ್ಷ್ಮಾಣುಶಾಸ್ತ್ರ, ಕೃಷಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಲ್ಲವೂ ಸೇರುವ ಸಂಗಮ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡಿದ ಅಲೋಕ್ ಕುಮಾರ್ ಇರುವುದು ಮೆಕ್ಯಾನಿಕಲ್ ವಿಭಾಗದಲ್ಲಿ.

ಅದೇ ಐಐಎಸ್‌ಸಿಯ ಒಂದು ಕಥೆ ನನಗೆ ತುಂಬ ಇಷ್ಟ. ಅಲ್ಲಿನ ಆವರಣದ ಕಾಂಕ್ರೀಟ್ ಗೋಡೆಯ ಮೇಲೆ ಬೆಳೆದ ಹಾವಸೆಯನ್ನು ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಸಿಕ್ಕಿದ್ದು ನೀರಕರಡಿ, ಎಂಟು ಕಾಲಿನ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಕೊಲ್ಲುವಷ್ಟು ನೇರಳಾತೀತ ಬೆಳಕು ಬಿಟ್ಟರೂ ಅದು ಬದುಕಿತು. ಆ ಕಿರಣಗಳನ್ನು ಹೀರಿ ಅಪಾಯವಿಲ್ಲದ ನೀಲಿ ಬೆಳಕಾಗಿ ಹೊರಬಿಡುವ ವಸ್ತು ಅದರ ಮೈಯಲ್ಲಿತ್ತು. ಸಂದೀಪ್ ಈಶ್ವರಪ್ಪ ಅವರ ತಂಡ 2020ರಲ್ಲಿ ಇದನ್ನು ಪ್ರಕಟಿಸಿತು. ಐದು ವರ್ಷದ ಮೇಲೆ ಬೆಂಗಳೂರಿನ ನೀರಕರಡಿ ಆಕ್ಸಿಯಮ್-4ರಲ್ಲಿ ಅಂತರಿಕ್ಷಕ್ಕೆ ಹೋಗಿಬಂತು. ಮಳೆಗಾಲದಲ್ಲಿ ನಮ್ಮೂರ ಗುಡಿಯ ಪೌಳಿಗೋಡೆಯ ಮೇಲೂ ಹಾವಸೆ ಹಸಿರಾಗಿ ಕೂತಿರುತ್ತದೆ. ಒಂದು ಚೂರು ತೆಗೆದು ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಆ ನೀರಿನ ಹನಿಯನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಯಾರ ಅನುಮತಿಯೂ ಬೇಡ.

ಯಾವ ಬಾಗಿಲು ಯಾರಿಗೆ

ಒಂಬತ್ತನೇ ತರಗತಿಯಿಂದ ಶುರು ಮಾಡೋಣ. ಇಸ್ರೊದ ಯುವಿಕಾ ತರಬೇತಿ 2019ರಲ್ಲಿ ಆರಂಭವಾಯಿತು. ಎರಡು ವಾರ, ಮೇ ತಿಂಗಳಲ್ಲಿ, ಇಸ್ರೊ ಕೇಂದ್ರದಲ್ಲೇ ವಾಸ. ಊಟ, ವಸತಿ, ಪ್ರಯಾಣವೆಲ್ಲ ಅವರದೇ ಖರ್ಚು. ನೋಂದಣಿ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿನಲ್ಲಿ. ಇತ್ತೀಚಿನ ವರ್ಷಗಳ ಆಯ್ಕೆಯ ಲೆಕ್ಕದಲ್ಲಿ ಎಂಟನೇ ತರಗತಿಯ ಅಂಕಕ್ಕೆ ಅರ್ಧ ಪಾಲು, ಆನ್‌ಲೈನ್ ಕ್ವಿಜ್‌ಗೆ 10, ಇನ್ನುಳಿದದ್ದು ವಿಜ್ಞಾನ ಮೇಳ, ಕ್ರೀಡೆ, ಸ್ಕೌಟ್ ಇತ್ಯಾದಿಗೆ. ಇದರಲ್ಲಿ ನಮಗೆ ಮುಖ್ಯವಾದ ಸಾಲು ಒಂದಿದೆ: ಪಂಚಾಯಿತಿ ವ್ಯಾಪ್ತಿಯ ಹಳ್ಳಿಶಾಲೆಯಲ್ಲಿ ಓದುತ್ತಿರುವ ಮಗುವಿಗೆ 15 ಅಂಕ. ಹೆಮ್ಮಿಗೆಯಂಥ ಊರಿನ ಪ್ರೌಢಶಾಲೆಯ ಮಗು ಮೈಸೂರಿನ ದೊಡ್ಡ ಶಾಲೆಯ ಮಗುವಿಗಿಂತ 15 ಅಂಕ ಮುಂದೆ ನಿಂತೇ ಓಟ ಶುರುಮಾಡುತ್ತದೆ. ಆದರೆ ಅರ್ಜಿಯೇ ಹೋಗದಿದ್ದರೆ ಆ 15 ಯಾರಿಗೂ ಸಿಗುವುದಿಲ್ಲ. ಶಾಲೆಯ ವಿಜ್ಞಾನದ ಮೇಷ್ಟ್ರು, ಮೇಡಮ್ಮು ಫೆಬ್ರವರಿಯಿಂದ ವಾರಕ್ಕೊಮ್ಮೆ ಇಸ್ರೊ ಜಾಲತಾಣ ನೋಡುವ ಹೊಣೆ ಹೊರಬೇಕು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಗುವಿಗೆ ಇನ್ಯಾರು ಹೇಳಬೇಕು?

ಪಿಯುಸಿಯಲ್ಲಿ ಇರುವವರು ಎರಡು ಸಂಗತಿ ತಿಳಿದಿರಿ. ಕೃಷಿ ಪದವಿಗೆ ಹೋಗುವ ರೈತರ ಮಕ್ಕಳಿಗೆ ಸಿಇಟಿಯಲ್ಲಿ ಪ್ರತ್ಯೇಕ ಸೀಟುಗಳಿವೆ, ಅದಕ್ಕೆ ಬೆಳೆ, ಬೀಜ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅಂತರಿಕ್ಷಕ್ಕೆ ಮೊಳಕೆ ಕಳಿಸಿದ್ದು ಕೃಷಿ ವಿಶ್ವವಿದ್ಯಾಲಯ ಎಂಬುದನ್ನು ಮರೆಯಬೇಡಿ. ನಮ್ಮ ಪಕ್ಕದಲ್ಲೇ ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಕಾಲೇಜು ಇದೆ. ಇನ್ನು ಬಿ.ಎಸ್ಸಿ.ಗೆ ಹೋಗುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ. ಹನ್ನೆರಡನೆಯ ತರಗತಿಯಲ್ಲಿ ಆಯಾ ಮಂಡಳಿಯ ಮೊದಲ ನೂರಕ್ಕೆ ಒಂದರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಓದಿಗೆ, 20,000 ಬೇಸಿಗೆಯ ಸಂಶೋಧನಾ ಯೋಜನೆಗೆಂದೇ ಮೀಸಲು. ಈ ಹಣ ಪಡೆಯುವ ವಿದ್ಯಾರ್ಥಿ ಒಬ್ಬ ವಿಜ್ಞಾನಿಯ ಬಳಿ ಹೋಗಿ "ನನ್ನ ಬೇಸಿಗೆ ಯೋಜನೆಗೆ ಮಾರ್ಗದರ್ಶನ ಬೇಕು, ಖರ್ಚಿಗೆ ನನ್ನಲ್ಲಿ ಅನುದಾನವಿದೆ" ಎಂದು ಕೇಳಬಹುದು. ಆ ಮಾತಿಗೆ ತೂಕ ಹೆಚ್ಚು.

ಬಿ.ಎಸ್ಸಿ. ಮೊದಲ ವರ್ಷದವರಿಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಒಂದು ಅಪರೂಪದ ಅವಕಾಶವಿದೆ. ಜೀವಶಾಸ್ತ್ರದಲ್ಲಿ ಪೋಬಿ ಎಂದು ಕರೆಯುವ ಕಾರ್ಯಕ್ರಮ. ಆಯ್ಕೆಯಾದವರು ಒಂದಲ್ಲ, ಸತತ ಮೂರು ಬೇಸಿಗೆ ಅಲ್ಲಿಗೆ ಬಂದು ಕಲಿಯುತ್ತಾರೆ, ಕೊನೆಗೆ ಡಿಪ್ಲೊಮಾ ಸಿಗುತ್ತದೆ. ಸೀಟು ಬೆರಳೆಣಿಕೆ. ಅದೇ ಸಂಸ್ಥೆಯಲ್ಲಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೂಡ ಇದೆ.

ಎಲ್ಲಕ್ಕಿಂತ ಅಗಲವಾದ ಬಾಗಿಲು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಇದರ ಕಚೇರಿ ಬೆಂಗಳೂರಿನಲ್ಲಿ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿ. ಪದವಿಯ ಮಧ್ಯದ ಮತ್ತು ಕೊನೆಯ ವರ್ಷಗಳವರು, ಎಂ.ಎಸ್ಸಿ.ಯವರು, ಎಂಜಿನಿಯರಿಂಗ್‌ನವರು ಅರ್ಜಿ ಹಾಕಬಹುದು. ಎರಡು ತಿಂಗಳು ದೇಶದ ಯಾವುದಾದರೂ ಲ್ಯಾಬಿನಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ. ತಿಂಗಳ ಭತ್ಯೆ, ರೈಲಿನ ಖರ್ಚು ಕೊಡುತ್ತಾರೆ. ಇದಕ್ಕೆ ಕಾಲೇಜಿನ ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಹಳ್ಳಿಗಾಡಿನ ಕಾಲೇಜಿನಿಂದ ಒಬ್ಬ ಮೇಷ್ಟ್ರು ಹೋಗಿಬಂದರೆ ಅವರ ಹಿಂದೆ ಮುಂದಿನ ಹತ್ತು ವರ್ಷಗಳ ವಿದ್ಯಾರ್ಥಿಗಳು ಹೋಗುತ್ತಾರೆ. ಭತ್ತ ಹೊಡೆ ಬಿಚ್ಚುವಾಗ ಹಾಕಬೇಕು ಎಂದು ನಾನು ಹೇಳಿದ್ದು ಇದರ ಅರ್ಜಿಯನ್ನೇ.

ನಾಸಾದ ಮಾತು ಕೇಳದೆ ಯಾವ ವಿದ್ಯಾರ್ಥಿಯೂ ಬಿಡುವುದಿಲ್ಲ, ಹೇಳಿಬಿಡುತ್ತೇನೆ. ಅಂತರಿಕ್ಷ ಜೀವವಿಜ್ಞಾನಕ್ಕೆಂದೇ ಇರುವ ಪದವಿ ವಿದ್ಯಾರ್ಥಿಗಳ ಬೇಸಿಗೆ ತರಬೇತಿ ಏಮ್ಸ್ ಕೇಂದ್ರದಲ್ಲಿದೆ, ಹತ್ತು ವಾರದ್ದು. ಆದರೆ ಅದು ಅಮೆರಿಕದ ಪೌರರಿಗೆ ಮತ್ತು ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ. ಏಮ್ಸ್ ಇರುವುದು ಸಿಲಿಕಾನ್ ಕಣಿವೆಯ ನಡುವೆ, ಸುತ್ತ ಎಷ್ಟೋ ಕನ್ನಡದ ಮನೆಗಳಿವೆ. ಆ ಮನೆಯ ಮಕ್ಕಳು ಅರ್ಜಿ ಹಾಕಬಹುದು. ನಿಮ್ಮ ದೊಡ್ಡಪ್ಪನ ಮಗಳೋ ಸೋದರತ್ತೆಯ ಮಗನೋ ಅಲ್ಲಿದ್ದರೆ ತಿಳಿಸಿ. ಇಲ್ಲಿಂದ ನಮಗೆ ತೆರೆದಿರುವುದು ಬೇರೆ ಕಿಟಕಿ. ಅಂತರಿಕ್ಷಕ್ಕೆ ಹೋಗಿಬಂದ ಗಿಡ, ನೊಣ, ಇಲಿ, ಕೋಶಗಳ ಜೀನ್ ಮಾಹಿತಿಯನ್ನು ನಾಸಾ ಜೀನ್‌ಲ್ಯಾಬ್ ಎಂಬ ಭಂಡಾರದಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಇಟ್ಟಿದೆ. ಪೌರತ್ವ ಕೇಳುವುದಿಲ್ಲ. ಬಯೋಟೆಕ್ನಾಲಜಿ ಓದುತ್ತ ಸ್ವಲ್ಪ ಕಂಪ್ಯೂಟರ್ ಬರುವ ವಿದ್ಯಾರ್ಥಿ ಹೆಮ್ಮಿಗೆಯಲ್ಲಿ ಕೂತೇ ಅದನ್ನು ಇಳಿಸಿಕೊಂಡು ಅಭ್ಯಾಸ ಮಾಡಬಹುದು.

ಒಂದು ಎಚ್ಚರಿಕೆ. ಫೀಸು ಕಟ್ಟಿಸಿಕೊಂಡು ಒಂದು ವಾರದಲ್ಲಿ ದೊಡ್ಡ ದೊಡ್ಡ ಮುದ್ರೆಯ ಪ್ರಮಾಣಪತ್ರ ಕೊಡುವ "ಇಂಟರ್ನ್‌ಶಿಪ್"ಗಳ ಜಾಹೀರಾತು ವಾಟ್ಸಾಪಿನಲ್ಲಿ ಹರಿದಾಡುತ್ತವೆ. ಮೇಲೆ ಹೇಳಿದ ಯಾವ ಫೆಲೋಶಿಪ್ಪೂ ತರಬೇತಿಗೆಂದು ನಿಮ್ಮಿಂದ ದುಡ್ಡು ಕೇಳುವುದಿಲ್ಲ, ತಾವೇ ಕೊಡುತ್ತವೆ. ಅಪ್ಪ ಭತ್ತ ಮಾರಿದ ದುಡ್ಡಿನಲ್ಲಿ ಸರ್ಟಿಫಿಕೇಟು ಕೊಳ್ಳಬೇಡಿ.

ಕೈಯಲ್ಲಿ ಒಂದು ಪ್ರಯೋಗ ಇರಲಿ

ಅಂಕಪಟ್ಟಿ ಎಲ್ಲರಲ್ಲೂ ಇರುತ್ತದೆ. ನಿಮ್ಮ ಅರ್ಜಿ ಬೇರೆಯಾಗಿ ಕಾಣಬೇಕಾದರೆ ನೀವೇ ಮಾಡಿ ನೋಡಿದ್ದು ಒಂದಾದರೂ ಬೇಕು. ಅಂತರಿಕ್ಷ ಜೀವವಿಜ್ಞಾನದಲ್ಲಿ ಅದು ಕಷ್ಟವಲ್ಲ. ಬೇಕಾದದ್ದು ಹೆಸರುಕಾಳು ಮತ್ತು ನಿಧಾನಕ್ಕೆ ತಿರುಗುವ ಒಂದು ಮೋಟಾರು.

ಬೇರಿನ ತುದಿಯ ಟೊಪ್ಪಿಗೆಯಲ್ಲಿ ಪಿಷ್ಟದ ಸಣ್ಣ ಸಣ್ಣ ಕಣಗಳಿರುತ್ತವೆ. ಡಬ್ಬಿಯಲ್ಲಿ ರಾಗಿ ಕೆಳಗೆ ಕೂರುವಂತೆ ಅವು ಕೋಶದ ತಳಕ್ಕೆ ಕೂರುತ್ತವೆ. ಕಾಳನ್ನು ಅಡ್ಡ ಮಲಗಿಸಿದರೆ ಕಣಗಳು ಹೊಸ ತಳಕ್ಕೆ ಜಾರುತ್ತವೆ, ಆಕ್ಸಿನ್ ಎಂಬ ಹಾರ್ಮೋನು ಆ ಕಡೆಗೆ ಹೆಚ್ಚು ಹರಿಯುತ್ತದೆ, ಬೇರು ಕೆಳಕ್ಕೆ ಬಾಗುತ್ತದೆ. ಈಗ ಆ ಕಾಳನ್ನು ಅಡ್ಡ ಅಚ್ಚಿನ ಮೇಲೆ ನಿಮಿಷಕ್ಕೆ ಒಂದೆರಡು ಸುತ್ತು ತಿರುಗಿಸುತ್ತಲೇ ಇದ್ದರೆ ಕಣಗಳಿಗೆ ಒಂದು ಕಡೆ ಕೂರಲು ಹೊತ್ತೇ ಸಿಗುವುದಿಲ್ಲ. ಬೇರಿಗೆ ದಿಕ್ಕು ತಪ್ಪುತ್ತದೆ. ಈ ಸಾಧನಕ್ಕೆ ಕ್ಲಿನೋಸ್ಟ್ಯಾಟ್ ಎಂದು ಹೆಸರು, ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ ಬಳಸಿದ್ದು. ಇವತ್ತಿಗೂ ಅಂತರಿಕ್ಷಕ್ಕೆ ಕಳಿಸುವ ಮೊದಲು ವಿಜ್ಞಾನಿಗಳು ನೆಲದ ಮೇಲೆ ಪರೀಕ್ಷಿಸುವುದು ಇದರ ಸುಧಾರಿತ ರೂಪಗಳಲ್ಲೇ. ಇದು ಗುರುತ್ವವನ್ನು ತೆಗೆಯುವುದಿಲ್ಲ, ಅದರ ದಿಕ್ಕನ್ನು ಸದಾ ಬದಲಿಸುತ್ತದೆ ಅಷ್ಟೆ. ಈ ವ್ಯತ್ಯಾಸವನ್ನು ಅರ್ಜಿಯಲ್ಲಿ ಒಂದು ವಾಕ್ಯದಲ್ಲಿ ಬರೆದರೆ ಓದಿದವರಿಗೆ ನೀವು ಅರ್ಥ ಮಾಡಿಕೊಂಡಿದ್ದೀರೆಂದು ಗೊತ್ತಾಗುತ್ತದೆ.

ಗೋಡೆಗಡಿಯಾರದ ಸೆಕೆಂಡ್ ಮುಳ್ಳು ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ, ಆದರೆ ಅದಕ್ಕೆ ಬಲ ಸಾಲದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಿಧಾನ ಸುತ್ತಿನ ಗೇರ್ ಮೋಟಾರು ಕೇಳಿ ತನ್ನಿ. ಅದರ ಅಚ್ಚಿಗೆ ಪಾರದರ್ಶಕ ಡಬ್ಬಿಯ ಮುಚ್ಚಳ ಅಂಟಿಸಿ, ಒದ್ದೆ ಹತ್ತಿ ಇಟ್ಟು, ರಾತ್ರಿ ನೆನೆಸಿದ ಹತ್ತು ಕಾಳು ಜೋಡಿಸಿ, ಮುಚ್ಚಿ. ಪಕ್ಕದಲ್ಲೇ ಅಂಥದೇ ಇನ್ನೊಂದು ಡಬ್ಬಿ, ಅಷ್ಟೇ ಕಾಳು, ಅಷ್ಟೇ ನೀರು, ಆದರೆ ತಿರುಗದೆ ನಿಂತಿದ್ದು. ಎರಡನ್ನೂ ಕತ್ತಲಲ್ಲಿಡಿ, ಇಲ್ಲವಾದರೆ ಬೆಳಕಿನ ಕಡೆಗೆ ಬಾಗಿದ್ದನ್ನು ಗುರುತ್ವದ ಲೆಕ್ಕಕ್ಕೆ ಹಾಕಿಬಿಡುತ್ತೀರಿ. ಆರು ಗಂಟೆಗೊಮ್ಮೆ ಫೋನಿನಲ್ಲಿ ಫೋಟೊ, ಕೋನಮಾಪಕದಲ್ಲಿ ಬೇರಿನ ಕೋನ, ಪುಸ್ತಕದಲ್ಲಿ ದಿನಾಂಕ, ಗಂಟೆ. ಕರೆಂಟು ಹೋಗಿ ಮೋಟಾರು ನಿಂತಿತೋ, ಅದನ್ನೂ ಬರೆಯಿರಿ. ಇದೇ ಪ್ರಯೋಗವನ್ನು ಮೂರು ಸಲ ಮಾಡಿ. ಒಂದು ಸಲ ಬಂದದ್ದು ಸುದ್ದಿ, ಮೂರು ಸಲ ಬಂದದ್ದು ಫಲಿತಾಂಶ.

ಫಲಿತಾಂಶ ಅಂದುಕೊಂಡಂತೆ ಬರದಿದ್ದರೆ? ಹಾಗೇ ಬರೆಯಿರಿ. ತಿರುಗುವ ಡಬ್ಬಿಯ ಹತ್ತಿ ಬೇಗ ಒಣಗಿದ್ದು ಕಾರಣವೋ, ಮೋಟಾರಿನ ಬಿಸಿಯೋ ಎಂದು ಯೋಚಿಸಿದ್ದನ್ನು ಬರೆಯಿರಿ. ಲ್ಯಾಬಿನಲ್ಲಿ ನಿಮ್ಮನ್ನು ಸೇರಿಸಿಕೊಳ್ಳುವ ವಿಜ್ಞಾನಿ ಹುಡುಕುವುದು ಆ ಯೋಚನೆಯನ್ನೇ.

ಪತ್ರ

ಅರ್ಜಿಯ ಜೊತೆ ಒಂದು ಸಣ್ಣ ಬರಹ ಕೇಳುತ್ತಾರೆ, ಒಂದು ಪುಟವೂ ಇರುವುದಿಲ್ಲ. ಬಹುಪಾಲು ಮಕ್ಕಳು "ಚಿಕ್ಕಂದಿನಿಂದ ನಕ್ಷತ್ರ ನೋಡುತ್ತ ಬೆಳೆದೆ, ವಿಜ್ಞಾನಿಯಾಗುವುದು ನನ್ನ ಕನಸು" ಎಂದು ಶುರುಮಾಡುತ್ತಾರೆ. ಮಾತು ನಿಜವೇ ಇರಬಹುದು, ಆದರೆ ಸಾವಿರ ಅರ್ಜಿಯಲ್ಲಿ ಅದೇ ಸಾಲು. ಬದಲಿಗೆ ಹೀಗೆ ಶುರುಮಾಡಿ: "ನಾನು ಹೆಸರುಕಾಳನ್ನು ನಿಮಿಷಕ್ಕೆ ಎರಡು ಸುತ್ತಿನಂತೆ ಮೂರು ದಿನ ತಿರುಗಿಸಿದೆ. ನಿಂತ ಡ‌ಬ್ಬಿಯ ಕಾಳುಗಳಲ್ಲಿ ಇಷ್ಟರ ಬೇರು ಕೆಳಗಿಳಿಯಿತು, ತಿರುಗಿದವುಗಳಲ್ಲಿ ಇಷ್ಟು. ಬೇರಿನ ಉದ್ದದಲ್ಲಿ ವ್ಯತ್ಯಾಸ ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ, ಅದನ್ನು ಕಲಿಯಬೇಕು." ಇದನ್ನು ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಹೆದರಿ ಬೇರೆಯವರಿಂದ ಬರೆಸುತ್ತಾರೆ, ಆಗ ಪತ್ರ ಅವರದಾಗಿರುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ವ್ಯಾಕರಣದ ತಪ್ಪಿದ್ದರೆ ಮೇಷ್ಟ್ರು ತಿದ್ದುತ್ತಾರೆ.

ಶಿಫಾರಸು ಪತ್ರ ಬರೆಯುವ ಅಧ್ಯಾಪಕರನ್ನು ಕೊನೆಯ ದಿನ ಕೇಳಬೇಡಿ. ಹದಿನೈದು ದಿನ ಮುಂಚೆ ಹೋಗಿ, ನಿಮ್ಮ ಪ್ರಯೋಗದ ಪುಸ್ತಕ ಅವರ ಮೇಜಿನ ಮೇಲಿಟ್ಟು, "ಮೇಡಮ್, ಇದನ್ನು ನೋಡಿ ನನ್ನ ಬಗ್ಗೆ ಬರೆದುಕೊಡ್ತೀರಾ?" ಎಂದು ಕೇಳಿ. ನೋಡಿದ್ದನ್ನು ಬರೆಯಲು ಅವರಿಗೂ ಸುಲಭ. ಹತ್ತನೇ ತರಗತಿಯಿಂದ ಈಚಿನ ಎಲ್ಲ ಅಂಕಪಟ್ಟಿ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವನ್ನು ಸೆಪ್ಟೆಂಬರಿನಲ್ಲೇ ಸ್ಕ್ಯಾನ್ ಮಾಡಿಸಿ ಈಮೇಲಿನಲ್ಲಿ ಇಟ್ಟುಕೊಳ್ಳಿ. ಕೊನೆಯ ದಿನದ ರಾತ್ರಿ ಸೈಬರ್ ಸೆಂಟರಿನಲ್ಲಿ ಸರ್ವರ್ ತಿರುಗುತ್ತ ಕೂತಾಗ ಅಳು ಬರುವುದು ಈ ಕಾಗದಗಳಿಗಾಗಿಯೇ.

ಫೆಲೋಶಿಪ್ ಸಿಗದಿದ್ದರೂ ನೇರವಾಗಿ ಲ್ಯಾಬಿಗೆ ಬರೆಯುವ ದಾರಿ ಇದೆ. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಬೇಡಿ, ಅದು ಓದಿದ ಕೂಡಲೇ ಗೊತ್ತಾಗುತ್ತದೆ. ಐದು ಜನರನ್ನು ಆರಿಸಿ, ಪ್ರತಿಯೊಬ್ಬರ ಒಂದು ಸಂಶೋಧನಾ ಲೇಖನದ ಸಾರಾಂಶವನ್ನಾದರೂ ಓದಿ, ಅದರಲ್ಲಿ ನಿಮಗೆ ಬಂದ ಒಂದು ಪ್ರಶ್ನೆಯನ್ನು ಬರೆಯಿರಿ. ಎಷ್ಟು ವಾರ, ಯಾವ ತಾರೀಕಿನಿಂದ ಬಿಡುವಿದ್ದೀರಿ ಎಂದು ಸ್ಪಷ್ಟವಾಗಿ ತಿಳಿಸಿ. ಸೆಮಿಸ್ಟರ್ ಪರೀಕ್ಷೆ ಬೇಸಿಗೆಯೊಳಕ್ಕೆ ಜಾರುವುದುಂಟು. ಹಾಗಿದ್ದರೆ ಮೊದಲೇ ಹೇಳಿ, ಪ್ರಾಂಶುಪಾಲರ ಒಪ್ಪಿಗೆ ಪತ್ರವನ್ನೂ ಪಡೆದುಕೊಳ್ಳಿ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಮತ್ತೂ ಬರದಿದ್ದರೆ ಬೇರೆಯವರಿಗೆ ಬರೆಯಿರಿ.

ಹೊರಡುವಾಗ

ಭತ್ಯೆ ಬರುವುದು ತಿಂಗಳ ಕೊನೆಗೆ, ಕೆಲವು ಸಲ ತರಬೇತಿ ಮುಗಿದ ಮೇಲೆ. ಮೊದಲ ತಿಂಗಳ ಊಟ, ಓಡಾಟಕ್ಕೆ ಕೈಯಲ್ಲಿ ಹಣ ಇರಬೇಕು. ಇದನ್ನು ಮನೆಯಲ್ಲಿ ಡಿಸೆಂಬರಿನಲ್ಲೇ ಹೇಳಿದರೆ ಒಕ್ಕಣೆಯ ದುಡ್ಡಿನಲ್ಲಿ ತೆಗೆದಿಡಲು ಆಗುತ್ತದೆ. ಹೆಣ್ಣುಮಕ್ಕಳನ್ನು ಎರಡು ತಿಂಗಳು ಬೆಂಗಳೂರಿಗೋ ಧಾರವಾಡಕ್ಕೋ ಕಳಿಸಲು ಅಪ್ಪ ಅಮ್ಮ ಹಿಂದೇಟು ಹಾಕುವುದು ಸಹಜ. ಸಂಸ್ಥೆಯ ಹಾಸ್ಟೆಲು ಆವರಣದೊಳಗೇ ಇದೆಯೇ, ವಾರ್ಡನ್ ಯಾರು ಎಂದು ಆಯ್ಕೆಪತ್ರ ಬಂದ ದಿನವೇ ಕೇಳಿ ತಿಳಿದುಕೊಳ್ಳಿ. ಮೊದಲ ದಿನ ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕರೆದೊಯ್ದು ಜಾಗ ತೋರಿಸಿ. ಒಮ್ಮೆ ಕಣ್ಣಾರೆ ನೋಡಿದರೆ ಅವರ ಅರ್ಧ ಚಿಂತೆ ಇಳಿಯುತ್ತದೆ.

ಲ್ಯಾಬಿನಲ್ಲಿ ಮೊದಲ ಎರಡು ವಾರ ಬರೀ ಬಾಟಲಿ ತೊಳೆಯುವುದು, ನೊಣದ ಮೇವಿಗೆ ಜೋಳದ ಹಿಟ್ಟಿನ ಗಂಜಿ ಕಾಯಿಸುವುದು, ಅಳತೆ ಮಾಡಿ ಮಾಡಿ ಕೈ ಹದಕ್ಕೆ ತರುವುದು ಇರಬಹುದು. ನೊಣದ ಲ್ಯಾಬಿನ ವಾಸನೆ ಅರಿಶಿನದ ಗದ್ದೆಯದಲ್ಲ, ಹುಳಿತ ಹಿಟ್ಟಿನದು. ಈ ಕೆಲಸಗಳನ್ನು ಚಾಕರಿ ಅಂದುಕೊಳ್ಳಬೇಡಿ. ಅಲ್ಲಿ ಕೆಟ್ಟ ಮೇವಿನಿಂದ ಒಂದು ತಿಂಗಳ ಪ್ರಯೋಗ ಸಾಯುತ್ತದೆ, ಮೇವು ಕಾಯಿಸಲು ಬಿಟ್ಟಿದ್ದಾರೆ ಎಂದರೆ ನಂಬಿದ್ದಾರೆ ಎಂದರ್ಥ. ಗೊತ್ತಾಗದ್ದನ್ನು ಕೇಳಲು ನಾಚಿಕೆ ಬೇಡ, ಆದರೆ ಒಂದೇ ಪ್ರಶ್ನೆ ಎರಡು ಸಲ ಕೇಳದಂತೆ ಉತ್ತರ ಬರೆದುಕೊಳ್ಳಿ. ಲ್ಯಾಬಿನ ನೋಟ್‌ಬುಕ್ ಅಲ್ಲೇ ಉಳಿಯಬೇಕು, ಅದು ಸಂಸ್ಥೆಯ ಸ್ವತ್ತು. ನಿಮ್ಮ ಸ್ವಂತ ಟಿಪ್ಪಣಿಗೆ ಬೇರೆ ಪುಸ್ತಕ ಇಡಿ. ಗೈಡ್ ಒಪ್ಪದೆ ಅಲ್ಲಿನ ಫಲಿತಾಂಶದ ಫೋಟೊ ಸ್ಟೇಟಸ್ಸಿಗೆ ಹಾಕಬೇಡಿ.

ಎರಡು ತಿಂಗಳ ಕೊನೆಗೆ ಒಂದು ವರದಿ ಬರೆಯಬೇಕಾಗುತ್ತದೆ. ಅದರ ಒಂದು ಪ್ರತಿಯನ್ನು ಗೈಡ್ ಅನುಮತಿ ಪಡೆದು ಊರಿಗೆ ತಂದು, ನಿಮಗೆ ಶಿಫಾರಸು ಬರೆದುಕೊಟ್ಟ ಮೇಡಮ್‌ಗೆ ಕೊಡಿ. ಆಗಸ್ಟಿನಲ್ಲಿ ಗದ್ದೆಗಳಲ್ಲಿ ನಾಟಿ ನಡೆಯುತ್ತಿರುತ್ತದೆ. ನಿಮ್ಮ ಹಿಂದಿನ ತರಗತಿಯವರಿಗೆ ಅರ್ಜಿ ಹಾಕಲು ಇನ್ನೂ ಎರಡು ತಿಂಗಳಿರುತ್ತದೆ.